400 ರೂಪಾಯಿ ಮೊಲಕ್ಕೆ 7,500 ರೂಪಾಯಿ ಆಪರೇಷನ್ನಾ?

ಪಿಜಿ, ಬಾಡಿಗೆ ರೂಮುಗಳಲ್ಲಿ ಇರೋ ನಮ್ಮಂಥವರಿಗೆ ಮೊಲ ಅಂದ್ರೆ ಬಹಳ ಅನುಕೂಲ. ಬೊಗಳಲ್ಲ, ವಾಕಿಂಗ್ ಕರ್ಕೊಂಡು ಹೋಗ್ಬೇಕಾಗಿಲ್ಲ, ಓನರ್‌ಗೆ ಗೊತ್ತೂ ಆಗಲ್ಲ. ನಾವು ಮೂವರು ರೂಮ್‌ಮೇಟ್ಸ್ ಹೋದ ವರ್ಷ ಒಂದು ಜೋಡಿ ತಂದ್ವಿ, ಒಂದಕ್ಕೆ 400 ರೂಪಾಯಿ. ಸಂತಾನಹರಣ ಮಾಡಿಸೋಣ ಅಂತ ಒಂದು ಕ್ಲಿನಿಕ್‌ನಲ್ಲಿ ವಿಚಾರಿಸಿದಾಗ ಗಂಡಿಗೆ 5,000, ಹೆಣ್ಣಿಗೆ 7,500 ಅಂದ್ರು. ಕ್ಲಾಸಲ್ಲಿ ಹೇಳಿದ್ರೆ ಎಲ್ಲರದ್ದೂ ಒಂದೇ ಡೈಲಾಗು: "ಅಷ್ಟು ದುಡ್ಡಿಗೆ ಹದಿನೆಂಟು ಹೊಸ ಮೊಲ ಬರುತ್ತಲ್ಲೋ!"

ಡಾಕ್ಟರ್ ಲೂಟಿ ಮಾಡ್ತಿದ್ದಾರೆ ಅಂತ ನಮಗೆ ಅನ್ನಿಸೋದಿಲ್ಲ. ಮೊಲಕ್ಕೆ ಅನಸ್ತೇಶಿಯಾ ಕೊಡೋದು ನಾಯಿಗೆ ಕೊಟ್ಟಷ್ಟು ಸುಲಭ ಅಲ್ಲ. ಅದಕ್ಕೆ ವಾಂತಿ ಮಾಡೋಕೆ ಬರಲ್ಲ, ಹಾಗಾಗಿ ಆಪರೇಷನ್‌ಗೆ ಮುಂಚೆ ನಾಯಿಯ ಥರ ರಾತ್ರಿಯಿಡೀ ಉಪವಾಸ ಇಡೋದಿಲ್ಲ. ಆಮೇಲೂ ಬೇಗ ತಿನ್ನೋಕೆ ಶುರು ಮಾಡ್ಲೇಬೇಕು. ತಿನ್ನೋದು ನಿಲ್ಲಿಸಿದ್ರೆ ಕರುಳೇ ನಿಂತುಹೋಗಿ ಒಂದೆರಡು ದಿನದಲ್ಲಿ ಜೀವಕ್ಕೇ ಅಪಾಯ. ನಾಯಿಗೆ ಮಾಮೂಲಿಯಾಗಿ ಕೊಡೋ ಅಮಾಕ್ಸಿಸಿಲಿನ್ ಮಾತ್ರೆ, ಉಣ್ಣೆಗೆ ಹಚ್ಚೋ ಫಿಪ್ರೊನಿಲ್ ಇವೆರಡೂ ಮೊಲದ ಪ್ರಾಣ ತೆಗೀಬಹುದು. ಇದೆಲ್ಲ ಗೊತ್ತಿರೋ ಡಾಕ್ಟರ್‌ಗಳು ಬೆಂಗಳೂರಲ್ಲೇ ಕಡಿಮೆ, ಸಣ್ಣ ಊರುಗಳಲ್ಲಂತೂ ಕೇಳೋದೇ ಬೇಡ. ಅಂಥವರ ಫೀಸು ಮೊಲದ ರೇಟಿನ ಮೇಲೆ ನಿಂತಿರೋದಿಲ್ಲ. ನಮ್ಮ ಲೆಕ್ಕದಲ್ಲಿ ತಪ್ಪಾಗಿರೋ ಬೆಲೆ 7,500 ಅಲ್ಲ, ಆ 400.

ಮಾಡಿಸದಿದ್ರೆ ಏನಾಗುತ್ತೆ? ಮೊಲದ ಗರ್ಭ ಸುಮಾರು 31 ದಿನ. ಹೆತ್ತ ದಿನವೇ ಮತ್ತೆ ಗರ್ಭ ಕಟ್ಟಬಹುದು. ಮರಿಗಳು ನಾಲ್ಕೈದು ತಿಂಗಳಲ್ಲಿ ಬೆಳೆದು ಅವೂ ಶುರು ಹಚ್ಕೊಳ್ತವೆ. ಒಂದು ಸೆಮಿಸ್ಟರ್‌ಗೆ ಎಷ್ಟಾಗುತ್ತೆ ಅಂತ ನೀವೇ ಪೈಥಾನ್‌ನಲ್ಲಿ ಒಂದು ಲೂಪ್ ಬರೆದು ನೋಡಿ. ಒಂಟಿ ಹೆಣ್ಣಾದ್ರೂ ವಯಸ್ಸಾದ ಹಾಗೆ ಗರ್ಭಕೋಶದ ಕ್ಯಾನ್ಸರ್ ಬರೋ ಸಾಧ್ಯತೆ ತುಂಬಾ ಜಾಸ್ತಿ. ಗಂಡಿಗೆ ಆಪರೇಷನ್ ಆದ ಮೇಲೂ ಕೆಲವು ವಾರ ಬೇರೆ ಇಡಬೇಕು ಅನ್ನೋದನ್ನ ಡಾಕ್ಟರ್ ಹೇಳಿದ ಮೇಲೇ ನಮಗೆ ಗೊತ್ತಾಗಿದ್ದು.

ನಾವು ಮೊದಲು ಗಂಡಿಗೆ ಮಾಡಿಸಿದ್ವಿ, ಮೂರು ಪಾಲು. ಹೆಣ್ಣಿಗಾಗಿ ತಿಂಗಳಿಗೆ ತಲಾ 500 ತೆಗೆದಿಡ್ತಿದ್ದೀವಿ. ಹೆಬ್ಬಾಳದ ವೆಟರ್ನರಿ ಕಾಲೇಜಲ್ಲೂ ಕೇಳಿ ನೋಡೋ ಪ್ಲಾನ್ ಇದೆ.

ಆದರೆ ನಮ್ಮ ತಕರಾರು ಮಾರೋರ ಮೇಲೆ. ಗಂಡು-ಹೆಣ್ಣು ಜೋಡಿ ಮಾಡಿ ಕೈಗೆ ಕೊಟ್ಟು, "ಕ್ಯಾರೆಟ್ ಹಾಕಿ, ಸಾಕು" ಅಂತಾರೆ. ಮೊಲಕ್ಕೆ ಮುಖ್ಯವಾಗಿ ಬೇಕಾಗಿರೋದು ಹುಲ್ಲು. ಇಲ್ಲದಿದ್ರೆ ಬೆಳೀತಾನೇ ಇರೋ ಹಲ್ಲು ಸವೆಯಲ್ಲ, ಅದಕ್ಕೆ ಇನ್ನೊಂದು ಬಿಲ್ಲು. ಆಪರೇಷನ್ ಖರ್ಚು ಎಷ್ಟು ಅಂತ ಒಂದು ಬೋರ್ಡ್ ಬರೆದು ಪಂಜರದ ಪಕ್ಕ ಹಾಕಿದ್ರೆ ಅರ್ಧ ಜನ ಅಲ್ಲಿಂದಲೇ ವಾಪಸ್ ಬರ್ತಾರೆ. ಬರಲಿ ಬಿಡಿ.

ಮೊಲ ಎಂಟು-ಹತ್ತು ವರ್ಷ ಬದುಕುತ್ತೆ, ನಮ್ಮ ಡಿಗ್ರಿ ನಾಲ್ಕೇ ವರ್ಷ. ಫೈನಲ್ ಇಯರ್‌ನವರ ಗ್ರೂಪಲ್ಲಿ ಈಗಾಗಲೇ "ಮೊಲ ಫ್ರೀ, ಪಂಜರ ಸಮೇತ" ಅನ್ನೋ ಮೆಸೇಜುಗಳು ಶುರುವಾಗಿವೆ. ತಗೊಳ್ಳೋರು ಆಪರೇಷನ್ ಆಗಿದ್ಯಾ ಅಂತ ಮೊದಲು ಕೇಳಿ.