ಬಿಚ್ಚಿ ನೋಡೋಣ: ಮಾವನ ರೆಗ್ಯುಲೇಟರ್

ಹೋದ ತಿಂಗಳು ನಾನು ಮಿಕ್ಸಿ ಬಿಚ್ಚಿದ್ದನ್ನು ಓದಿ ಇಬ್ಬರು ಆಂಟಿಯರು ತಮ್ಮ ಮನೆಯ ಮಿಕ್ಸಿಯನ್ನೂ ತಂದುಕೊಟ್ಟರು. ಒಂದು ಸರಿಯಾಯಿತು. ಇನ್ನೊಂದರ ಬಗ್ಗೆ ದಯವಿಟ್ಟು ಕೇಳಬೇಡಿ. ಈ ಸಲ ಬಿಚ್ಚಿದ ವಸ್ತು ನಿಮ್ಮಲ್ಲಿ ಹೆಚ್ಚಿನವರ ಮನೆಯಲ್ಲಿ ಇರಲಾರದು. ಆದರೆ ನಾನು ಮಾಡಿದ ತಪ್ಪನ್ನು ಕುಕ್ಕರ್ ಇರುವ ಯಾವ ಮನೆಯಲ್ಲಿ ಬೇಕಾದರೂ ಮಾಡಬಹುದು.

ನನ್ನ ಸೋದರಮಾವನ ಊರು ಮುರುಡೇಶ್ವರದ ಹತ್ತಿರ. ಕತಾರಿಗೆ ಬಂದ ಹೊಸತರಲ್ಲಿ ಅವರು ಯಾರಿಂದಲೋ ಹಳೆಯ ಸ್ಕೂಬಾ ರೆಗ್ಯುಲೇಟರ್ ಕೊಂಡಿದ್ದರು. ಶುಕ್ರವಾರ ಬಂತೆಂದರೆ ಸೀಲೈನ್ ಕಡೆ ಹೋಗಿ ಮುಳುಗುತ್ತಿದ್ದರಂತೆ. ಮದುವೆ, ಮಕ್ಕಳು ಅಂತ ಆದಮೇಲೆ ಅದು ಸ್ಟೋರ್ ರೂಮ್ ಸೇರಿತು. ಈ ಡಿಸೆಂಬರ್ ರಜೆಗೆ ಊರಿಗೆ ಹೋದಾಗ ನೇತ್ರಾಣಿ ದ್ವೀಪದ ಹತ್ತಿರ ಅದನ್ನೇ ಬಾಯಲ್ಲಿಟ್ಟುಕೊಂಡು ಮುಳುಗಬೇಕೆಂದು ಅವರ ಆಸೆ. "ನೀ ಎಲ್ಲಾ ಬಿಚ್ತೀಯಲ್ಲ ಮಾರಾಯ್ತಿ, ಇದನ್ನೊಂದು ನೋಡು" ಎಂದು ನನ್ನ ಮೇಜಿನ ಮೇಲೆ ಇಟ್ಟು ಹೋದರು.

ರೆಗ್ಯುಲೇಟರಿಗೆ ಎರಡು ಭಾಗ. ಸಿಲಿಂಡರಿಗೆ ಕೂರುವುದು ಫಸ್ಟ್ ಸ್ಟೇಜ್. ಅದು ಸುಮಾರು 200 ಬಾರ್ ಒತ್ತಡದ ಗಾಳಿಯನ್ನು ಒಂಬತ್ತು-ಹತ್ತು ಬಾರ್‌ಗೆ ಇಳಿಸಿ ಪೈಪಿಗೆ ಬಿಡುತ್ತದೆ. ಪೈಪಿನ ಇನ್ನೊಂದು ತುದಿಯಲ್ಲಿ, ಬಾಯಲ್ಲಿ ಕಚ್ಚುವ ಡಬ್ಬಿ ಸೆಕೆಂಡ್ ಸ್ಟೇಜ್. ನಾವು ಉಸಿರೆಳೆದಾಗ ಡಬ್ಬಿಯೊಳಗಿನ ರಬ್ಬರ್ ಪರದೆ ಒಳಗೆ ಬಾಗಿ ಒಂದು ಸಣ್ಣ ಲಿವರನ್ನು ಒತ್ತುತ್ತದೆ, ಲಿವರ್ ವಾಲ್ವನ್ನು ಎಳೆಯುತ್ತದೆ, ಗಾಳಿ ಬರುತ್ತದೆ. ಎಳೆಯುವುದು ನಿಲ್ಲಿಸಿದರೆ ಸ್ಪ್ರಿಂಗ್ ಬಾಗಿಲು ಮುಚ್ಚುತ್ತದೆ. ಬೇಕಾದಾಗ, ಬೇಕಾದಷ್ಟೇ. 1943ರಲ್ಲಿ ಫ್ರಾನ್ಸಿನಲ್ಲಿ ಕುಸ್ತೊ ಮತ್ತು ಗಾನ್ಯಾಂ ಇಬ್ಬರೂ ಸೇರಿ ಇಂಥ ರೆಗ್ಯುಲೇಟರ್ ಮಾಡಿದರು. ಗಾನ್ಯಾಂ ಅದಕ್ಕೆ ಮೊದಲು ಮಾಡಿದ್ದ ವಾಲ್ವ್ ಯುದ್ಧಕಾಲದಲ್ಲಿ ಪೆಟ್ರೋಲ್ ಸಿಗದೆ ಗ್ಯಾಸಿನಲ್ಲಿ ಓಡಿಸುತ್ತಿದ್ದ ಕಾರುಗಳಿಗಾಗಿ!

ನಮ್ಮ ಉಮ್ಮ್ ಸಲಾಲ್ ಮೊಹಮ್ಮದ್‌ನ ಬರ್ಜಾನ್ ಗೋಪುರಗಳನ್ನು ನೀವು ನೋಡಿರುತ್ತೀರಿ. 19ನೇ ಶತಮಾನದ ಕೊನೆಗೆ ಕಟ್ಟಿ 1910ರಲ್ಲಿ ಮತ್ತೆ ಸರಿಮಾಡಿದ ಆ ಗೋಪುರಗಳ ಮೇಲಿನಿಂದ ಮುತ್ತು ತೆಗೆಯುವವರ ದೋಣಿಗಳ ಮೇಲೆ ಕಣ್ಣಿಡುತ್ತಿದ್ದರು ಎನ್ನುತ್ತಾರೆ. ಆ ಮುಳುಗುಗಾರರಿಗೆ ವಾಲ್ವೂ ಇಲ್ಲ, ಸ್ಪ್ರಿಂಗೂ ಇಲ್ಲ. ಮೂಗಿಗೆ ಫಿತಾಮ್ ಎಂಬ ಚಿಮಟ, ಇಳಿಯಲು ಕಲ್ಲಿನ ಭಾರ, ಎದೆಯಲ್ಲಿ ಒಂದೇ ಒಂದು ಉಸಿರು. ಮೇಲಕ್ಕೆಳೆಯಲು ದೋಣಿಯಲ್ಲಿ ಹಗ್ಗ ಹಿಡಿದು ಕಾಯುವ ಒಬ್ಬ. ಹಗ್ಗ ಜಗ್ಗಿದ್ದು ಅವನಿಗೆ ಗೊತ್ತಾಗಲೇಬೇಕು. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಸರಿ, ಬಿಚ್ಚಿದೆ. ಮುಚ್ಚಳ ತೆಗೆದರೆ ಒಳಗೆ ಉಪ್ಪಿನ ಹರಳು, ಹಿತ್ತಾಳೆಯ ಮೇಲೆ ಹಸಿರು ಕಿಲುಬು. ಇಲ್ಲಿಯ ಸಮುದ್ರ ನಮ್ಮೂರ ಅರಬ್ಬಿ ಸಮುದ್ರಕ್ಕಿಂತ ಉಪ್ಪು ಹೆಚ್ಚು. ತೊಳೆಯದೆ ಇಟ್ಟರೆ ಹೀಗೇ. ಅಮ್ಮ ದೀಪ ತಿಕ್ಕಲು ಹುಣಸೆಹುಳಿ ಹಾಕುತ್ತಾರಲ್ಲ, ಇದಕ್ಕೆ ಬಿಳಿ ವಿನೆಗರ್. ಅರ್ಧ ಬಿಸಿನೀರು ಬೆರೆಸಿ, ಲೋಹದ ಭಾಗಗಳನ್ನು ಮಾತ್ರ ಹತ್ತು ನಿಮಿಷ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್‌ನಲ್ಲಿ ತಿಕ್ಕಿದೆ. ಹೆಚ್ಚು ಹೊತ್ತು ಬಿಟ್ಟರೆ ಕ್ರೋಮ್ ಲೇಪಕ್ಕೇ ಪೆಟ್ಟು. ರಬ್ಬರ್ ಪರದೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಸೂಜಿಯಷ್ಟು ತೂತಾದರೂ ಇದೆಯೇ ಎಂದು ನೋಡಿದೆ. ಇರಲಿಲ್ಲ. ಓ-ರಿಂಗುಗಳು ಮಾತ್ರ ಇಲ್ಲಿಯ ಸೆಕೆಗೆ ಒಣಗಿ, ಚಕ್ಕುಲಿಯ ಹಾಗೆ ಮುರಿದವು. ವಾಲ್ವಿನ ತುದಿಯ ರಬ್ಬರ್ ಸೀಟಿನಲ್ಲಿ ದುಂಡಗೆ ಆಳವಾದ ಗೀರು ಬಿದ್ದಿತ್ತು. ಅದರ ಎದುರಿಗಿರುವ ಲೋಹದ ಬಾಯಿಯ ಚೂಪು ಅಂಚು ವರ್ಷಗಟ್ಟಲೆ ಒತ್ತಿ ಒತ್ತಿ ಮಾಡಿದ ಗಾಯ ಅದು. ಸೀಟು, ರಿಂಗುಗಳ ಕಿಟ್ ಆನ್‌ಲೈನಿನಲ್ಲಿ ತರಿಸಿದೆವು. ಬರಲು ಮೂರು ವಾರ.

ಮತ್ತೆ ಜೋಡಿಸುವಾಗ ಎರಡು ಹೊಂದಿಕೆ ಮಾಡಬೇಕು. ಒಂದು, ವಾಲ್ವಿನ ಕಡ್ಡಿಯ ತುದಿಯ ನಟ್ಟು. ಇದು ಲಿವರ್ ಎಷ್ಟು ಎತ್ತರ ನಿಲ್ಲಬೇಕೆಂದು ಹೇಳುತ್ತದೆ. ಎತ್ತರ ಜಾಸ್ತಿಯಾದರೆ ಪರದೆ ಸದಾ ಅದನ್ನು ಒತ್ತಿ ಗಾಳಿ ಸೋರುತ್ತದೆ. ಕಡಿಮೆಯಾದರೆ ಎಷ್ಟು ಎಳೆದರೂ ಗಾಳಿ ಸಾಲದು. ಎರಡು, ಆ ಲೋಹದ ಬಾಯಿ. ಅದು ತಿರುಪಿನಂತೆ ಒಳಗೆ ಹೊರಗೆ ಸರಿಯುತ್ತದೆ. ಒಳಗೆ ತಿರುಗಿಸಿದಷ್ಟೂ ಸೀಟಿನ ಮೇಲೆ ಬಿಗಿಯಾಗಿ ಕೂರುತ್ತದೆ, ಉಸಿರೆಳೆಯುವುದೂ ಅಷ್ಟೇ ಕಷ್ಟವಾಗುತ್ತದೆ. ತಿರುಗಿಸುವಾಗ ಮುಂದಿನ ಪರ್ಜ್ ಬಟನ್ ಒತ್ತಿ ಹಿಡಿಯಬೇಕು, ಇಲ್ಲವಾದರೆ ಹೊಸ ಸೀಟು ಮೊದಲ ದಿನವೇ ಕೊಯ್ದುಹೋಗುತ್ತದೆ.

ಮಾವ ತಂದಿಟ್ಟ ಸಿಲಿಂಡರಿಗೆ ಜೋಡಿಸಿ ತೆರೆದೆ. ಸದ್ದಿಲ್ಲ! ಅಮ್ಮನನ್ನು ಕರೆದು ತೋರಿಸಿದೆ. ಅಮ್ಮ ಒಳಗೆ ಹೋಗುವಷ್ಟರಲ್ಲಿ "ಸ್ಸ್ಸ್" ಎಂದು ಸಣ್ಣಗೆ ಶುರುವಾಯಿತು. ಕಾಲು ಸುತ್ತು ಬಿಗಿ ಮಾಡಿದೆ, ನಿಂತಿತು. ಐದು ನಿಮಿಷಕ್ಕೆ ಮತ್ತೆ ಸ್ಸ್ಸ್. ಇನ್ನೊಂದು ಕಾಲು ಸುತ್ತು. ಹೀಗೆ ನಾಲ್ಕು ಸಲ ಆದಮೇಲೆ ಪೂರ್ತಿ ಮೌನ. ಅರ್ಧ ಗಂಟೆ ಕಾದೆ, ಸದ್ದೇ ಇಲ್ಲ. ಮಾವನಿಗೆ "ರೆಡಿ" ಎಂದು ವಾಟ್ಸಾಪ್ ಮಾಡಿದೆ. ಹೆಬ್ಬೆಟ್ಟಿನ ಚಿತ್ರವೂ ಹಾಕಿದ್ದೆ, ಈಗ ನೋಡಿದರೆ ನಾಚಿಕೆಯಾಗುತ್ತದೆ.

ಸಂಜೆ ಬಕೆಟ್ ಪರೀಕ್ಷೆ ಮಾಡಿದೆವು. ಇದು ನನಗೆ ಬಹಳ ಇಷ್ಟವಾಯಿತು, ಸ್ಕೇಲ್ ಒಂದಿದ್ದರೆ ಸಾಕು. ಕಚ್ಚುವ ಬಾಯಿ ಮೇಲಕ್ಕೆ, ಪರದೆ ಕೆಳಕ್ಕೆ ಮಾಡಿ ಸೆಕೆಂಡ್ ಸ್ಟೇಜನ್ನು ನಿಧಾನ ನೀರಿಗಿಳಿಸಬೇಕು. ಗಾಳಿ ಹೊರಡುವ ಕ್ಷಣದಲ್ಲಿ ಪರದೆ ನೀರಿನ ಮಟ್ಟಕ್ಕಿಂತ ಎಷ್ಟು ಕೆಳಗಿದೆಯೋ ಅದೇ ಉಸಿರೆಳೆಯಲು ಬೇಕಾದ ಬಲ. ಮೂರು ಸೆಂಟಿಮೀಟರ್ ಆಸುಪಾಸು ಇದ್ದರೆ ಚೆನ್ನ. ನನ್ನದು ಏಳು ದಾಟಿತು. ಬಾಯಲ್ಲಿಟ್ಟು ಎಳೆದರೆ ಗಟ್ಟಿ ಮಿಲ್ಕ್‌ಶೇಕನ್ನು ಸಪೂರ ಸ್ಟ್ರಾದಲ್ಲಿ ಹೀರಿದ ಹಾಗೆ.

ಆಗ ಮಾವ ಪಕ್ಕದ ವಿಲ್ಲಾದ ಅಂಕಲ್ ಅವರನ್ನು ಕರೆದರು. ಅವರು ಅಗ್ನಿಶಾಮಕರ ಉಸಿರಾಟದ ಸೆಟ್ಟುಗಳನ್ನು ರಿಪೇರಿ ಮಾಡುವವರು. ಅವರು ನನ್ನ ಸೆಕೆಂಡ್ ಸ್ಟೇಜನ್ನು ನೋಡಲೇ ಇಲ್ಲ. ಜಾಕೆಟ್ಟಿಗೆ ಗಾಳಿ ತುಂಬುವ ಪೈಪಿಗೆ ಒಂದು ಗೇಜ್ ಸಿಕ್ಕಿಸಿ, ಸಿಲಿಂಡರ್ ತೆರೆದು ಸುಮ್ಮನೆ ಕುಳಿತರು. ಮುಳ್ಳು ಒಂಬತ್ತೂವರೆಗೆ ಬಂತು. ನಿಲ್ಲಲಿಲ್ಲ. ಹತ್ತು, ಹತ್ತೂವರೆ, ಹನ್ನೊಂದು, ಹನ್ನೆರಡು. ಪರ್ಜ್ ಒತ್ತಿದರೆ ಕೆಳಗಿಳಿದು ಮತ್ತೆ ಹತ್ತತೊಡಗಿತು. ಸರಿಯಿರುವ ರೆಗ್ಯುಲೇಟರಿನಲ್ಲಿ ಆ ಮುಳ್ಳು ಒಂದು ಕಡೆ ನಿಂತುಬಿಡಬೇಕು.

ಕಾಯಿಲೆ ಇದ್ದದ್ದು ಫಸ್ಟ್ ಸ್ಟೇಜಿನಲ್ಲಿ. ಅಲ್ಲಿನ ಸೀಟು ಸವೆದು ಸಿಲಿಂಡರಿನ ಗಾಳಿ ಒಂದೇ ಸಮನೆ ಪೈಪಿಗೆ ಜಿನುಗುತ್ತಿತ್ತು. ಸೆಕೆಂಡ್ ಸ್ಟೇಜಿನ ವಾಲ್ವು ಗಾಳಿ ಹರಿಯುವ ದಿಕ್ಕಿಗೇ ತೆರೆದುಕೊಳ್ಳುವಂಥದ್ದು. ಪೈಪಿನಲ್ಲಿ ಒತ್ತಡ ಮಿತಿ ಮೀರಿದರೆ ಅದು ತಾನೇ ತುಸು ತೆರೆದು ಹೆಚ್ಚಿನ ಗಾಳಿ ಹೊರಗೆ ಬಿಡಲಿ ಎಂದೇ ಹಾಗೆ ಮಾಡಿರುತ್ತಾರೆ. ಅಂದರೆ ನಾನು ಕೇಳಿದ "ಸ್ಸ್ಸ್" ಆ ವಾಲ್ವಿನ ದೋಷವಲ್ಲ, ಅದು ತನ್ನ ಕೆಲಸ ಮಾಡುತ್ತಿತ್ತು. ನಾನು ಮಾಡಿದ್ದು ಕುಕ್ಕರ್ ಕೂಗುತ್ತದೆಂದು ಅದರ ವೇಟಿನ ಮೇಲೆ ಕುಟ್ಟಾಣಿ ಹೇರಿದ ಕೆಲಸ.

"ಅದು ಕೂಗ್ತಾ ಇತ್ತು, ನೀ ಅದರ ಬಾಯಿ ಮುಚ್ಚಿದೆ" ಎಂದರು ಮಾವ. ಬೈಯಲಿಲ್ಲ, ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ. ಬಕೆಟ್ ಪರೀಕ್ಷೆ ಮಾಡದೇ ಇದ್ದಿದ್ದರೆ, ನನ್ನ "ರೆಡಿ"ಯನ್ನು ನಂಬಿ ಅವರು ಅದನ್ನೇ ಸೂಟ್‌ಕೇಸಿಗೆ ಹಾಕಿಕೊಂಡು ನೇತ್ರಾಣಿಗೆ ಹೋಗುತ್ತಿದ್ದರು. ಒತ್ತಡ ಏರುತ್ತಲೇ ಹೋಗಿ ನೀರಿನಡಿಯಲ್ಲಿ ಗಾಳಿ ಒಮ್ಮೆಲೇ ಭೋರ್ಗರೆದು ಹೊರಟರೆ ಸಿಲಿಂಡರ್ ಕೆಲವೇ ನಿಮಿಷಗಳಲ್ಲಿ ಖಾಲಿ. ಪೈಪ್ ಒಡೆದರೂ ಅಷ್ಟೇ. ಬರ್ಜಾನ್ ಕಾಲದ ದೋಣಿಯಲ್ಲಿ ಹಗ್ಗ ಹಿಡಿದವನು ಜಗ್ಗಿದ್ದು ಗೊತ್ತಾಗದಂತೆ ಹಗ್ಗವನ್ನು ಕಂಬಕ್ಕೆ ಕಟ್ಟಿ ನಿದ್ದೆ ಮಾಡಿದರೆ ಹೇಗೋ ಹಾಗೆ.

ಹಳೆಯ ರೆಗ್ಯುಲೇಟರ್ ಮನೆಯಲ್ಲಿದ್ದು ಕೈ ತುರಿಸುತ್ತಿದ್ದರೆ ಕೇಳಿ: ಮೊದಲು ಗೇಜ್, ಆಮೇಲೆ ಸ್ಕ್ರೂಡ್ರೈವರ್. ತೊಳೆಯುವಾಗ ಸಿಲಿಂಡರ್ ಜೋಡಿಸಿರದಿದ್ದರೆ ಪರ್ಜ್ ಒತ್ತಬೇಡಿ, ಉಪ್ಪುನೀರು ಪೈಪಿನೊಳಗೆ ಹೋಗುತ್ತದೆ. ಇನ್ನು, ಕಲಿಯಲು ಬಿಚ್ಚುವುದು ಬೇರೆ, ಅದನ್ನು ಬಾಯಲ್ಲಿಟ್ಟು ನೀರಿಗಿಳಿಯುವುದು ಬೇರೆ. ಎರಡನೆಯದಕ್ಕೆ ಮುಂಚೆ ತರಬೇತಿ ಪಡೆದವರು ಪೂರ್ತಿ ಪರೀಕ್ಷಿಸಲೇಬೇಕು. ಅಂಕಲ್ ಕೂಡ ಫಸ್ಟ್ ಸ್ಟೇಜಿಗೆ ಕೈ ಹಾಕಲಿಲ್ಲ, "ಇದು ನನ್ನ ಮಾಡೆಲ್ ಅಲ್ಲ" ಎಂದರು.

ಫಸ್ಟ್ ಸ್ಟೇಜ್ ಈಗ ಅಂಗಡಿಯಲ್ಲಿದೆ. ಬೇರೆ ಒಳ್ಳೆಯ ಫಸ್ಟ್ ಸ್ಟೇಜಿಗೆ ಜೋಡಿಸಿ, ನಾನು ಬಿಗಿ ಮಾಡಿದ್ದನ್ನೆಲ್ಲ ಸಡಿಲಿಸಿದೆ. ಬಕೆಟ್ಟಿನಲ್ಲಿ ಮೂರು ಸೆಂಟಿಮೀಟರ್ ಬಂತು, ಸೋರಿಕೆಯಿಲ್ಲ. ಆದರೂ ಅದಕ್ಕೊಂದು ಚೀಟಿ ಕಟ್ಟಿದ್ದೇನೆ: "ರೆಡಿ ಅಲ್ಲ." ಅಂಗಡಿಯಿಂದ ಎರಡೂ ಒಟ್ಟಿಗೆ ಪರೀಕ್ಷೆಯಾಗಿ ಬಂದಮೇಲೆ ಆ ಚೀಟಿಯನ್ನು ಮಾವನೇ ಹರಿಯಲಿ.

ಮುಂದಿನ ತಿಂಗಳು ಅಜ್ಜಿಯ ಹೊಲಿಗೆ ಯಂತ್ರ. ಅದಾದರೂ ನೀರಿಗಿಳಿಯುವುದಿಲ್ಲ.