ಹೊಸಾ ಕಂಪ್ಯೂಟರ್ ನಿಧಾನ ಆದ್ರ ಮತ್ತ ರೊಕ್ಕ ಬಿಚ್ಚಬ್ಯಾಡ್ರಿ

ಅಕ್ಕಾರ, ವೈನ್ಯಾರ, ಈ ಸಲ ಅಡಗಿ ಬಿಟ್ಟು ಕಂಪ್ಯೂಟರಿನ ಮಾತು ಹೇಳ್ತೀನಿ. "ಅದು ನಮಗ್ಯಾಕ" ಅನಬ್ಯಾಡ್ರಿ. ಮನ್ಯಾಗ ಕೂತು ಲಗ್ನದ ಆಮಂತ್ರಣ, ಹೆಸರಿಡೂ ಕಾರ್ಯಕ್ರಮದ ವಿಡಿಯೋ ಮಾಡಿ ನಾಕು ರೂಪಾಯಿ ದುಡಿಯೋರು ನಮ್ಮ ಪೈಕಿನೂ ಇದ್ದಾರ. ಹುಡುಗ-ಹುಡುಗಿ ಫೋಟೋ ಒಂದು ಪದರ, ಹಿಂದ ಮಂಟಪ ಒಂದು ಪದರ, ಮ್ಯಾಲೆ ಉದುರೂ ಹೂವು, ದೀಪ, ಹೆಸರು, ಮುಹೂರ್ತ. ಹಿಂಗ ಒಂದರ ಮ್ಯಾಲೊಂದು ಹೊಂದಿಸೂದಕ್ಕ ಕಾಂಪೋಸಿಟಿಂಗ್ ಅಂತಾರ. ಅದಕ್ಕ ಭಾಳ ಮಂದಿ ಬಳಸೂದು ಆಫ್ಟರ್ ಎಫೆಕ್ಟ್ಸ್ ಅನ್ನೂ ಸಾಫ್ಟ್‌ವೇರ್.

ನಮ್ಮ ಓಣ್ಯಾಗಿನ ಒಬ್ಬಾಕಿ ಭಿಶಿ ರೊಕ್ಕ ಎತ್ತಿ ಹೊಸಾ ಪ್ರೊಸೆಸರ್, ಮದರ್‌ಬೋರ್ಡ್, ಗ್ರಾಫಿಕ್ಸ್ ಕಾರ್ಡ್ ಹಾಕಿಸಿದ್ಲು. ಹಾಕಿಸಿ ನೋಡಿದ್ರ ಕೆಲಸ ಮದಲಿನಂಗನ ಕುಂಟಲಿಕತ್ತದ. ಅಂಗಡಿಯಂವ "ಇನ್ನೂ ದೊಡ್ಡ ಕಾರ್ಡ್ ಹಾಕಸ್ರಿ" ಅಂದ. ಮನಿಯವ್ರು "ನಿನಗ ನಡಸ್ಲಿಕ್ಕೆ ಬರೂದಿಲ್ಲ" ಅಂದ್ರು. ನನ್ನ ಕೇಳಿದ್ರ ಎರಡೂ ಮಾತು ಖರೇ ಅಲ್ಲ. ಕೆಲಸ ಎಲ್ಲಿ ಕಟ್ಟಿಕೊಂಡದ ಅಂತ ನೋಡದನ ಆಡಿದ ಮಾತು ಅವು.

ರೊಟ್ಟಿ ಮಾಡೂದು ನೆನಸಿಕೊಳ್ರಿ. ಬಡಿಯಾಕಿ ಒಬ್ಬಾಕಿನ ಇದ್ದಾಗ ನಾಕು ಹಂಚು ಇಟ್ರ ರೊಟ್ಟಿ ನಾಕು ಪಟ್ಟು ಬರ್ತಾವೇನು? ಕಂಪ್ಯೂಟರೂ ಹಂಗ. ಪ್ರೊಸೆಸರ್ ಅಂದ್ರ ಬಡಿಯೂ ಕೈ. ರ‍್ಯಾಮ್ ಅಂದ್ರ ಅಡಗಿಮನಿ ಕಟ್ಟಿ. ಡಿಸ್ಕ್ ಅಂದ್ರ ಅಟ್ಟ. ಗ್ರಾಫಿಕ್ಸ್ ಕಾರ್ಡ್ ಅಂದ್ರ ಕೆಲವು ಕೆಲಸಕ್ಕಷ್ಟ ಬರೂ ಸಹಾಯದಾಕಿ. ಆಫ್ಟರ್ ಎಫೆಕ್ಟ್ಸಿನ್ಯಾಗ ಎಲ್ಲಾ ಎಫೆಕ್ಟೂ ಕಾರ್ಡಿನ ಮ್ಯಾಲೆ ನಡಿಯೂದಿಲ್ಲ. ಆಟ ಆಡವ್ರಿಗೆ ದೊಡ್ಡ ಕಾರ್ಡ್ ಬೇಕು ಅಂತ ನಮಗೂ ಅದನ್ನ ಹೇಳೂದು ಸರಿ ಅಲ್ಲ.

ಕಟ್ಟಿ ಎಷ್ಟು ಬೇಕು ಅಂತ ಲೆಕ್ಕಾ ಹಾಕ್ರಿ. 1920 ಅಡ್ಡ, 1080 ಉದ್ದದ ಒಂದು ಚಿತ್ರ ಬಿಚ್ಚಿ ಇಟ್ರ ಸುಮಾರು 8 ಎಂಬಿ. ಸೆಕೆಂಡಿಗೆ 25 ಚಿತ್ರ ಅಂದ್ರ 200 ಎಂಬಿ ದಾಟ್ತದ, ಹತ್ತು ಸೆಕೆಂಡಿಗೆ 2 ಜಿಬಿ. ಅದ ಹತ್ತು ಸೆಕೆಂಡ್ 4ಕೆ ಒಳಗ ಮಾಡಿದ್ರ 8 ಜಿಬಿ. ಈ ಸಾಫ್ಟ್‌ವೇರಿಗೆ ಕಡಿಮಿ ಅಂದ್ರ 16 ಜಿಬಿ ರ‍್ಯಾಮ್ ಬೇಕು, 32 ಇದ್ರ ಛಲೋ. ಆಕಿ ಕಂಪ್ಯೂಟರಿನ್ಯಾಗ ಇದ್ದದ್ದು ಹಳೇ 8 ಜಿಬಿದ ಒಂದ ಒಂದು ತುಂಡು. ಎಲ್ಲಾ ಹೊಸಾದು ಹಾಕಿ ಕಟ್ಟಿ ಅಷ್ಟ ಹಳೇದು ಬಿಟ್ಟಿದ್ರು. ಅಟ್ಟನೂ ಹಳೇದ: ಡಿಸ್ಕ್ ಕ್ಯಾಷ್ ಹಳೇ ಹಾರ್ಡ್ ಡಿಸ್ಕಿನ ಮ್ಯಾಲೇ ಕೂತಿತ್ತು. ಹಾರ್ಡ್ ಡಿಸ್ಕ್ ಸೆಕೆಂಡಿಗೆ 100-150 ಎಂಬಿ ಕೊಟ್ರ, ಸಾದಾ ಎಸ್‌ಎಸ್‌ಡಿ 500ರ ತನಕ ಕೊಡ್ತದ. ಇನ್ನ ದೊಡ್ಡ ಕಾರ್ಡ್ ಏನು ಮಾಡೀತು?

ಇದನ್ನ ನೋಡ್ಲಿಕ್ಕೆ ಇಂಜಿನಿಯರ್ ಬ್ಯಾಡ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಮ್ಮೆಲೆ ಒತ್ತಿದ್ರ ವಿಂಡೋಸಿನ್ಯಾಗ ಟಾಸ್ಕ್ ಮ್ಯಾನೇಜರ್ ತಗೀತದ. ಪರ್ಫಾರ್ಮನ್ಸ್ ಅನ್ನೂ ಕಡೆ ಹೋಗಿ, ವಿಡಿಯೋ ಪ್ರಿವ್ಯೂ ನಡಿಸಿ ನೋಡ್ರಿ. ಮೆಮರಿ ತುಂಬಿ ತುಳುಕಿದ್ರ ಕಟ್ಟಿ ಸಾಲೂದಿಲ್ಲ. ಡಿಸ್ಕ್ 100 ಪರ್ಸೆಂಟ್ ಮುಟ್ಟಿದ್ರ ಅಟ್ಟದ್ದ ತೊಂದ್ರಿ. ಎಲ್ಲಾನೂ ಅರ್ಧಕ್ಕಿಂತ ಕೆಳಗ ಇದ್ದೂ ಕೆಲಸ ಸಾಗದಿದ್ರ, ಯಾವುದೋ ಒಂದು ಎಫೆಕ್ಟ್ ಒಬ್ಬಾಕಿ ಕೈಲೇ ರೊಟ್ಟಿ ಬಡಸ್ಲಿಕತ್ತದ ಅಂತ ತಿಳೀರಿ. ಒಂದೊಂದ ಎಫೆಕ್ಟ್ ಬಂದ್ ಮಾಡಿ ನೋಡಿದ್ರ ಯಾವುದು ಅಂತ ಸಿಗ್ತದ.

ಮೆಮರಿ ಪುಟದಾಗ ಸ್ಪೀಡ್ ಅಂತ ಒಂದು ಸಂಖ್ಯಾ ಇರ್ತದ. ಡಬ್ಬಿ ಮ್ಯಾಲೆ 3200 ಅಂತ ಇದ್ದು ಇಲ್ಲಿ 2133 ಕಂಡ್ರ, ಬಯೋಸಿನ್ಯಾಗ ಎಕ್ಸ್‌ಎಂಪಿ ಚಾಲೂ ಮಾಡಿಲ್ಲ. ಅದನ್ನ ಅಂಗಡಿಯಂವನ ಕಡಿಂದನ ಪುಕ್ಕಟ ಮಾಡಿಸಿಕೊಳ್ರಿ. ಮಾನಿಟರಿನ ವಾಯರ್ ಹೊಸಾ ಕಾರ್ಡಿಗೆ ಚುಚ್ಚಿದ್ದಾರೋ, ಮದರ್‌ಬೋರ್ಡಿಗೆ ಚುಚ್ಚಿದ್ದಾರೋ ಅಂತ ಹಿಂದ ಬಗ್ಗಿ ನೋಡ್ರಿ. ಕಾರ್ಡಿನ ಡ್ರೈವರ್ ಹೊಸಾದು ಹಾಕಿಸ್ರಿ.

ಇನ್ನ ಸಾಫ್ಟ್‌ವೇರ್ ಒಳಗ. ಪ್ರಿಫರೆನ್ಸಸ್ ತಗದು ಡಿಸ್ಕ್ ಕ್ಯಾಷ್ ಎಸ್‌ಎಸ್‌ಡಿಗೆ ಬದಲಸ್ರಿ, ಹಳೇದನ್ನ ಖಾಲಿ ಮಾಡ್ರಿ. ಬ್ಯಾರೆ ಪ್ರೋಗ್ರಾಮಿಗೆ ಅಂತ ಮೀಸಲಿಟ್ಟ ರ‍್ಯಾಮ್ ಅತಿ ಆಗಿದ್ರ ಕಡಿಮಿ ಮಾಡ್ರಿ. ಮಲ್ಟಿ-ಫ್ರೇಮ್ ರೆಂಡರಿಂಗ್ ಚಾಲೂ ಅದನೋ ನೋಡ್ರಿ. 2021ರ ಕಡೀಕ ಬಂದ ಈ ಸೌಲತ್ತಿನಿಂದ ಪ್ರೊಸೆಸರಿನ ಬ್ಯಾರೆ ಬ್ಯಾರೆ ಕೋರ್‌ಗಳು ಒಮ್ಮೆಲೆ ಬ್ಯಾರೆ ಬ್ಯಾರೆ ಚಿತ್ರ ಮಾಡ್ತಾವ. ಅದಕ್ಕಿಂತ ಹಳೇ ಆವೃತ್ತಿ ಇದ್ರ ಎಷ್ಟ ಕೋರ್ ಇದ್ರೂ ಅದರ ಪೂರ್ತಿ ಫಾಯದಾ ಸಿಗೂದಿಲ್ಲ. ಪ್ರಾಜೆಕ್ಟ್ ಸೆಟ್ಟಿಂಗ್ಸಿನ್ಯಾಗ ಸಾಫ್ಟ್‌ವೇರ್ ಓನ್ಲಿ ಅಂತ ಇದ್ರ ಹೊಸಾ ಕಾರ್ಡ್ ಸುಮ್ನ ಕೂಡ್ತದ, ಜಿಪಿಯು ಅಂತ ಬದಲಸ್ರಿ. ಫೋನಿನ್ಯಾಗ ತಗದ ಎಚ್.265 ವಿಡಿಯೋ ಭಾಳ ಬಿಗಿ ಮಡಚಿದ ಪತ್ತಲ ಇದ್ದಂಗ, ಬಿಚ್ಚಲಿಕ್ಕೇ ವ್ಯಾಳ್ಯಾ ಬೇಕು. ಅದನ್ನ ಪ್ರೋರೆಸ್ ಮಾಡಿಕೊಂಡು ಆಮ್ಯಾಲೆ ಕೆಲಸಕ್ಕ ಹಚ್ಚಿಕೊಳ್ರಿ. ಪ್ರಿವ್ಯೂ ಹಾಫ್ ಅಂತ ಇಟ್ರ ಲೆಕ್ಕ ನಾಕನೇ ಒಂದು ಪಾಲಿಗೆ ಇಳೀತದ. ಗಿರಾಕಿಗೆ ಕೊಡೂದನ್ನ ಪೂರ್ತಿನ ತಗೀಬಹುದು.

ಒಂದ ಮಾತು ಮಾತ್ರ ಮರೀಬ್ಯಾಡ್ರಿ: ಎಲ್ಲಾ ಒಮ್ಮೆಲೆ ಬದಲಸಬ್ಯಾಡ್ರಿ. ಸಾರಿಗೆ ಉಪ್ಪು, ಹುಳಿ, ಖಾರ ಮೂರೂ ಕೂಡೇ ಹಾಕಿದ್ರ ಯಾವುದರಿಂದ ರುಚಿ ಬಂತು ಅಂತ ಗೊತ್ತಾಗ್ತದೇನು? ಒಂದ ಪ್ರಾಜೆಕ್ಟಿನ ಅದ ಹತ್ತು ಸೆಕೆಂಡ್ ತಗೊಂಡು, ಫೋನಿನ ಸ್ಟಾಪ್‌ವಾಚ್ ಹಚ್ಚಿ, ಒಂದೊಂದ ಬದಲಸಿ, ಎಷ್ಟು ವ್ಯಾಳ್ಯಾ ಹಿಡೀತು ಅಂತ ಹಾಲಿನ ಲೆಕ್ಕದ ವಹಿಯೊಳಗ ಬರೀರಿ. ಆ ಪುಟ ಹಿಡಕೊಂಡು ಅಂಗಡಿಗೆ ಹೋದ್ರ ಯಾರೂ ನಿಮ್ಮನ್ನ "ಗೊತ್ತಾಗೂದಿಲ್ಲ ಬಿಡ್ರಿ" ಅನ್ನೂದಿಲ್ಲ.

ಮನಿ ಗಂಡಸರಿಗೂ ಒಂದು ಮಾತು ಮುಟ್ಟಿಸ್ರಿ. ಮಿಕ್ಸರ್ ಕೆಟ್ರ ಮಿಕ್ಸರ್ ಕೆಟ್ಟದ ಅಂತಾರ, ಹೆಂಗಸಿನ ಕಂಪ್ಯೂಟರ್ ನಿಂತ್ರ ಆಕಿಗೇ ಬರೂದಿಲ್ಲ ಅಂತಾರ. ಇದು ಹವ್ಯಾಸ ಅಲ್ಲ, ದುಡಿಮಿ. ದುಡಿಮಿ ಸಾಮಾನಿಗೆ ಏನೇನು ಹಾಕಸ್ಬೇಕು ಅಂತ ಆಕಿನ ಮದಲ ಪಟ್ಟಿ ಮಾಡ್ಬೇಕು, ಅಂಗಡಿಗೆ ಆಕಿನ ಹೋಗ್ಬೇಕು. ನನ್ನ ಪ್ರಕಾರ ಮದಲ ರ‍್ಯಾಮ್, ಆಮ್ಯಾಲೆ ಎಸ್‌ಎಸ್‌ಡಿ, ಕಡೀಕ ಕಾರ್ಡ್.

ತುಳಸಿ ಲಗ್ನ ಆದ ಮ್ಯಾಲೆ ಮುಹೂರ್ತ ಸುರು ಆಗ್ತಾವ, ಆಗ ಗಿರಾಕಿ ತಡ ತಾಳೂದಿಲ್ಲ. ಅದಕ್ಕಿಂತ ಒಂದು ವಾರ ಮದಲ, ಮಧ್ಯಾಹ್ನದ ಊಟ ಆದ ಮ್ಯಾಲೆ ಒಂದು ತಾಸು ಕೂತು ಇಷ್ಟು ಪರೀಕ್ಷಾ ಮಾಡಿ ಇಟ್ಟುಕೊಳ್ರಿ.