ನಕಾಶೆಯಲ್ಲಿರುವ ದಾರಿ ನೆಲದ ಮೇಲೂ ಇರಲಿ

ಆಳಂದ, ಅಫಜಲಪುರ, ಜೇವರ್ಗಿ. ಈ ಮೂರು ತಾಲ್ಲೂಕುಗಳ ಹೆಸರು ಪೇಪರಿನಲ್ಲಿ ಬಂದರೆ ಮುಂದೆ 'ಹಿಂದುಳಿದ' ಎಂಬ ಶಬ್ದ ಇದ್ದೇ ಇರುತ್ತದೆ. 2002ರಲ್ಲಿ ಡಾ. ಡಿ. ಎಂ. ನಂಜುಂಡಪ್ಪ ಸಮಿತಿ ರಾಜ್ಯದ 39 ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವು ಎಂದು ಗುರುತಿಸಿತು. ನಮ್ಮ ಮೂರೂ ಅದರಲ್ಲಿದ್ದವು. ಆಮೇಲೆ ಸಂವಿಧಾನಕ್ಕೆ 371(ಜೆ) ಕಲಂ ಬಂತು, 2013ರಲ್ಲಿ ಅಭಿವೃದ್ಧಿ ಮಂಡಳಿ ಬಂತು. 2019ರಲ್ಲಿ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕ ಎಂಬ ಹೆಸರು ಬಂತು. 2024ರಲ್ಲಿ ಪ್ರೊ. ಎಂ. ಗೋವಿಂದರಾವ್ ಅಧ್ಯಕ್ಷತೆಯಲ್ಲಿ ಮತ್ತೊಂದು ಸಮಿತಿ ನೇಮಕವಾಯಿತು.

ಇವೆಲ್ಲ ಬೇಡವಾಗಿತ್ತು ಅಂತ ನಾನು ಅನ್ನೋದಿಲ್ಲ. 371(ಜೆ)ಯಿಂದ ನಮ್ಮೂರಿನ ಇಬ್ಬರು ಹುಡುಗರಿಗೆ ನೌಕರಿ ಸಿಕ್ಕಿದೆ. ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ 2009ರಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿಶ್ವವಿದ್ಯಾಲಯ ಇದೆ. ಆದರೆ ಒಳಗಿನ ಹಳ್ಳಿಯಲ್ಲಿ ನಾಲ್ಕೈದು ಎಕರೆ ಹಿಡಿದು ಕೂತ ಒಕ್ಕಲಿಗನ ಲೆಕ್ಕದಲ್ಲಿ ಹಿಂದುಳಿಯುವುದು ಅಂದರೇನು? ನನ್ನ ಉತ್ತರ ಬಹಳ ಸಣ್ಣದು. ನಮ್ಮ ಹೊಲದಿಂದ ಡಾಂಬರು ರಸ್ತೆಯವರೆಗಿನ ಮೂರು ಮೈಲಿ. ಉಳಿದದ್ದೆಲ್ಲ ಬಹುಪಾಲು ಅದರ ಬೆನ್ನಿಗೆ ಬಂದದ್ದು.

ನನ್ನ ಹೊಲ ಇರುವುದು ಜೇವರ್ಗಿ ತಾಲ್ಲೂಕಿನಲ್ಲಿ, ಐದು ಎಕರೆ ಎರಿ ಭೂಮಿ. ಅಕ್ಕನನ್ನು ಕೊಟ್ಟದ್ದು ಅಫಜಲಪುರ ತಾಲ್ಲೂಕಿನ ಭೀಮಾ ದಂಡೆಯ ಊರಿಗೆ. ಹೆಂಡತಿಯ ತವರು ಆಳಂದ ತಾಲ್ಲೂಕು, ಮಹಾರಾಷ್ಟ್ರದ ಗಡಿಯ ಕಡೆ. ಹೀಗಾಗಿ ಮೂರೂ ತಾಲ್ಲೂಕಿನ ಕೆಸರು ನನ್ನ ಕಾಲಿಗೆ ಪರಿಚಯ.

ದಾರಿಯೇ ಬೆಳೆ ಆರಿಸುತ್ತದೆ

ಎರಿ ನೆಲದ ಗುಣ ಓದುಗರಿಗೆ ಹೇಳಬೇಕಿಲ್ಲ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ, ಒಂದು ಹದವಾದ ಮಳೆಗೆ ಉಬ್ಬಿ ಅಂಟಾಗುತ್ತದೆ. ಬಂಡಿ ಗಾಲಿ ಅಚ್ಚಿನತನಕ ಇಳಿಯುತ್ತದೆ. ಟ್ರ್ಯಾಕ್ಟರು ಸಿಕ್ಕಿಕೊಂಡರೆ ಅದನ್ನು ಎಳೆಯಲು ಇನ್ನೊಂದು ಟ್ರ್ಯಾಕ್ಟರು ಬೇಕು. ಮೈಮೇಲೆ ಚೀಲ ಹೊತ್ತವನಿಗೆ ಕಾಲಿನಲ್ಲಿ ಎರಡು ಸೇರು ಮಣ್ಣಿನ ಬೇಡಿ.

'ತೊಗರಿ ರಾಶಿ ಬರುವುದು ಡಿಸೆಂಬರ್-ಜನವರಿಯಲ್ಲಿ, ಆಗ ದಾರಿ ಒಣಗಿರುತ್ತದಲ್ಲ' ಎಂದು ಕೇಳಬಹುದು. ನಿಜ. ಆದರೆ ನಮ್ಮ ಹಿರಿಯರು ತೊಗರಿಯೊಂದನ್ನೇ ಬಿತ್ತುತ್ತಿರಲಿಲ್ಲ. ತೊಗರಿಯ ನಡುವೆ ಹೆಸರು ಇರುತ್ತಿತ್ತು, ಉದ್ದು ಇರುತ್ತಿತ್ತು. ಒಂದು ಹೊಲದಲ್ಲಿ ಈ ವರ್ಷ ತೊಗರಿಯಾದರೆ ಮುಂದಿನ ವರ್ಷ ಹಿಂಗಾರಿ ಜೋಳ. ಹೆಸರು ಬರುವುದು ಆಗಸ್ಟ್ ಕೊನೆಗೆ, ಸೆಪ್ಟೆಂಬರಿಗೆ. ಅದು ಮಳೆಯ ಹೊತ್ತು. ಕಾಯಿ ಬಿಡಿಸಿ ಎರಡು ದಿನದಲ್ಲಿ ಸೂರಿನ ಕೆಳಗೆ ತರದಿದ್ದರೆ ಹೊಲದಲ್ಲೇ ಮೊಳಕೆ ಒಡೆಯುತ್ತದೆ. ಮಳೆಯಲ್ಲಿ ರಾಶಿ ಯಂತ್ರ ಹೊಲಕ್ಕೆ ಬರುವುದಿಲ್ಲ, ಗಾಡಿ ಬರುವುದಿಲ್ಲ. ನಾಲ್ಕು ಸಲ ಹೆಸರು ಕೊಳೆತದ್ದನ್ನು ನೋಡಿದ ಒಕ್ಕಲಿಗ ಐದನೇ ಸಲ ಏನು ಮಾಡುತ್ತಾನೆ? ಇಡೀ ಹೊಲಕ್ಕೆ ತೊಗರಿ ಬಿತ್ತುತ್ತಾನೆ. ನಮ್ಮೂರಲ್ಲಿ ಆದದ್ದು ಇದೇ.

ಒಂದೇ ನೆಲಕ್ಕೆ ವರ್ಷಾ ವರ್ಷಾ ತೊಗರಿ ಬಿತ್ತಿದರೆ ನೆಟೆ ರೋಗದ ಶಿಲೀಂಧ್ರ ಮಣ್ಣಿನಲ್ಲೇ ಬೀಡು ಬಿಡುತ್ತದೆ. 2022ರಲ್ಲಿ ಕಲಬುರಗಿ ಜಿಲ್ಲೆಯ ತೊಗರಿ ಕಾಯಿಕಟ್ಟುವ ಹೊತ್ತಿಗೆ ನಿಂತಲ್ಲೇ ಒಣಗಿದ್ದನ್ನು ಯಾರೂ ಮರೆತಿಲ್ಲ. ವಿಜ್ಞಾನಿಗಳು ಬೆಳೆ ಬದಲಿಸಿರಿ, ಟಿಎಸ್-3ಆರ್‌ನಂಥ ರೋಗ ತಡೆಯುವ ತಳಿ ಬಿತ್ತಿರಿ ಎನ್ನುತ್ತಾರೆ. ಸರಿಯಾದ ಮಾತೇ. ಬೀಜವನ್ನು ಚೀಲದಲ್ಲಿ ತರಬಹುದು. ಆದರೆ ಬೆಳೆ ಬದಲಿಸಬೇಕೆಂದರೆ ಮಳೆಗಾಲದ ಬೆಳೆ ಮನೆಗೆ ಬರುವ ದಾರಿ ಬೇಕು. ರೋಗಕ್ಕೂ ರಸ್ತೆಗೂ ಏನು ಸಂಬಂಧ ಎಂದು ನಗುವವರು ಒಂದು ಸೆಪ್ಟೆಂಬರಿನಲ್ಲಿ ನಮ್ಮೂರಿಗೆ ಬರಲಿ.

ಮೂರು ಮೈಲಿಯ ತೆರಿಗೆ

ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. 2025-26ರ ಹಂಗಾಮಿಗೆ ಬೆಂಬಲ ಬೆಲೆ ಕ್ವಿಂಟಲಿಗೆ 8,000 ರೂಪಾಯಿ ಎಂದು ಘೋಷಣೆ ಆಯಿತು. 2021ರ ಮೇ ತಿಂಗಳಲ್ಲಿ ಕೇಂದ್ರ ಸರಕಾರ ತೊಗರಿ ಆಮದಿಗೆ ಬಾಗಿಲು ತೆರೆದ ಮೇಲೆ ಬರ್ಮಾ, ಆಫ್ರಿಕಾದ ಮಾಲು ಬಂದು ನಮ್ಮ ದರ ಏರಿಳಿಯುತ್ತದೆ. ಆ ಹೋರಾಟ ಬೇರೆ, ಅದು ಆಗಲೇಬೇಕು. ಆದರೆ ದರ ಎಷ್ಟೇ ಇರಲಿ, ಒಳಗಿನ ಹಳ್ಳಿಯವನಿಗೆ ಅದು ಪೂರ್ತಿ ಮುಟ್ಟುವುದಿಲ್ಲ.

ನನ್ನದೇ ಲೆಕ್ಕ ಹೇಳುತ್ತೇನೆ. ಹನ್ನೆರಡು ಕ್ವಿಂಟಲ್ ತೊಗರಿ. ಅಷ್ಟಕ್ಕೇ ಒಂದು ಗಾಡಿ ಮಾಡಿ ಪೇಟೆಗೆ ಒಯ್ದರೆ ಬಾಡಿಗೆ, ಹಮಾಲಿ, ಎರಡು ದಿನದ ಕೆಲಸ, ಚಹಾ-ಊಟ. ಊರ ಬಾಗಿಲಿಗೆ ಬರುವ ವ್ಯಾಪಾರಿ 'ಕಾಕಾ, ನೀ ಯಾಕ ತ್ರಾಸ ತಗೋತಿ, ಇಲ್ಲೇ ತೂಗೂಣು' ಅನ್ನುತ್ತಾನೆ. ಕ್ವಿಂಟಲಿಗೆ 400 ಕಡಿಮೆ. ಹನ್ನೆರಡಕ್ಕೆ 4,800 ಆಯಿತು. ಅವನನ್ನು ಬೈಯುವುದರಲ್ಲಿ ಅರ್ಥವಿಲ್ಲ, ಅವನ ಗಾಡಿಯೂ ಅದೇ ದಾರಿಯಲ್ಲಿ ಬರಬೇಕು. ಗೊಬ್ಬರದ ಚೀಲ ಊರಿಗೆ ಬರುವಾಗ ಮತ್ತೆ ಬಾಡಿಗೆ. ಮಾಲು ಹೊರಗೆ ಹೋಗುವಾಗ ಒಮ್ಮೆ, ಸಾಮಾನು ಒಳಗೆ ಬರುವಾಗ ಒಮ್ಮೆ. ಈ ತೆರಿಗೆಗೆ ರಸೀದಿ ಇಲ್ಲ, ಮನ್ನಾ ಮಾಡುವ ಸರಕಾರವೂ ಇಲ್ಲ.

ಹಿಂದೆ ಇದಕ್ಕೆ ಊರಲ್ಲೇ ಒಂದು ಉಪಾಯವಿತ್ತು. ಜೋಳವನ್ನು ಹಗೇವಿನಲ್ಲಿ ಹಾಕಿ ಮುಚ್ಚಿದರೆ ಮಳೆಗಾಲ ಪೂರ್ತಿ ಪೇಟೆಯ ಹಂಗಿಲ್ಲದೆ ಉಣ್ಣಬಹುದಿತ್ತು. ತೊಗರಿಗೆ ಕೆಮ್ಮಣ್ಣು ಕಟ್ಟಿ, ಒಣಗಿಸಿ, ಬೀಸುಕಲ್ಲಿನಲ್ಲಿ ಒಡೆದು ಮನೆಯಲ್ಲೇ ಬೇಳೆ ಮಾಡುತ್ತಿದ್ದರು. ಈಗ ನಮ್ಮ ತೊಗರಿ ಪೇಟೆಗೆ ಹೋಗಿ, ಬೇಳೆಯಾಗಿ, ಪಾಕೀಟಿನಲ್ಲಿ ಕೂತು ನಮ್ಮೂರ ಕಿರಾಣಿ ಅಂಗಡಿಗೇ ಬರುತ್ತದೆ. ಎರಡೂ ಕಡೆಯ ಬಾಡಿಗೆ ಕೊಡುವವರು ನಾವೇ.

ಬಸ್ಸು ಕ್ರಾಸಿನತನಕ

2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಯಿತು. ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸಿನಲ್ಲಿ ಟಿಕೇಟಿನ ಹಣವಿಲ್ಲ. ನಮ್ಮ ಮನೆಯ ಹೆಂಗಸರಿಗೂ ಇದರಿಂದ ಅನುಕೂಲ ಆಗಿದೆ. ಆದರೆ ಬಸ್ಸು ನಿಲ್ಲುವುದು ಕ್ರಾಸಿನಲ್ಲಿ. ಅಲ್ಲಿಂದ ಊರಿಗೆ ನಡಿಗೆ, ಇಲ್ಲವೇ ಟಂಟಂ. ಕಲಬುರಗಿಗೆ ಹೋಗುವ ದೊಡ್ಡ ದಾರಿಗೆ ರೊಕ್ಕವಿಲ್ಲ, ಮನೆಗೆ ಬರುವ ಸಣ್ಣ ದಾರಿಗೆ ಇದೆ. ಹತ್ತನೇ ಇಯತ್ತೆ ಮುಗಿಸಿದ ಹುಡುಗಿಯನ್ನು ಮುಂದೆ ಓದಿಸಿರಿ ಎಂದರೆ ತಾಯಿ ಹೇಳುವ ಮಾತು ಒಂದೇ: 'ಓದಸ್ಲಿಕ್ಕ ಮನಸ್ಸದರಿ, ಸಂಜಿಮುಂದ ಕ್ರಾಸಿನಿಂದ ಒಬ್ಬಾಕಿನೇ ಹ್ಯಾಂಗ ಬರಬೇಕು?' ಇದಕ್ಕೆ ಉತ್ತರ ಶಾಲೆಯ ಮಾಸ್ತರರ ಹತ್ತಿರ ಇಲ್ಲ.

ಹೆರಿಗೆಯ ಹೆಣ್ಣುಮಗಳನ್ನು ಹೊರಸಿನ ಮೇಲೆ ಮಲಗಿಸಿ ನಾಲ್ಕು ಮಂದಿ ಹೊತ್ತು ಕ್ರಾಸಿಗೆ ತಂದದ್ದನ್ನು ನಾನು ಕಂಡಿದ್ದೇನೆ. ಆಂಬುಲೆನ್ಸು ಹೇಳಿದ ಹೊತ್ತಿಗೆ ಬಂದು ನಿಂತಿತ್ತು, ಡ್ರೈವರನ ತಪ್ಪಿರಲಿಲ್ಲ. ಕೆಸರಿನಲ್ಲಿ ಇಳಿದರೆ ಅದೂ ಸಿಕ್ಕಿಕೊಳ್ಳುತ್ತಿತ್ತು.

ಭೀಮಾ ದಂಡೆಯ ಕಥೆ ಇನ್ನೂ ಕಠಿಣ. 2020ರ ಅಕ್ಟೋಬರಿನಲ್ಲಿ, ಮತ್ತೆ 2025ರ ಸೆಪ್ಟೆಂಬರಿನಲ್ಲಿ ಹೊಳೆ ಬಂದಾಗ ಅಕ್ಕನ ಊರಿಗೆ ಹೋಗುವ ಸಣ್ಣ ಪೂಲು ಮುಳುಗಿತು. ಮೇಲೆ ಮಹಾರಾಷ್ಟ್ರದಲ್ಲಿ ಮಳೆಯಾಗಿ ಉಜನಿಯಿಂದ ನೀರು ಬಿಟ್ಟರೆ ಇಲ್ಲಿ ನಮ್ಮ ಆಕಾಶ ತಿಳಿಯಾಗಿದ್ದರೂ ಹೊಳೆ ತುಂಬುತ್ತದೆ. ಬೆಳೆ ಹೋದದ್ದಕ್ಕೆ ಹೆಕ್ಟೇರಿನ ಲೆಕ್ಕದಲ್ಲಿ ಪರಿಹಾರ ಬಂತು. ಊರು ನಡುಗಡ್ಡೆಯಾಗಿ ಕೂತ ದಿನಗಳಿಗೆ ಲೆಕ್ಕವೇ ಇಲ್ಲ. ಹಾಲು ಚೆಲ್ಲಿದ್ದು, ದನಕ್ಕೆ ಮೇವಿಲ್ಲದ್ದು, ಗುಳಿಗೆ ಮುಗಿದ ಮುದುಕರು, ಇವು ಯಾವ ಕಾಲಂನಲ್ಲೂ ಬರುವುದಿಲ್ಲ.

ಹೀಗಾಗಿ ಕಾಲಲ್ಲಿ ಬಲ ಇರುವವರು ಊರು ಬಿಡುತ್ತಾರೆ. ಪುಣೆ, ಮುಂಬೈ, ಹೈದರಾಬಾದ್, ಬೆಂಗಳೂರು, ಇಲ್ಲವೇ ಕಬ್ಬು ಕಡಿಯುವ ಗ್ಯಾಂಗು. 2020ರಲ್ಲಿ ಕೊರೊನಾ ಬಂದು ಎಲ್ಲರೂ ಮರಳಿದಾಗ ಗೊತ್ತಾಯಿತು, ನಮ್ಮೂರಿನ ಎಷ್ಟು ಜನ ನಮ್ಮೂರಲ್ಲಿ ಇರಲಿಲ್ಲ ಎಂದು. ಆ ವರ್ಷ ಊರಲ್ಲಿ ಕೈಗಳಿದ್ದವು, ಬದು ರಿಪೇರಿ ಆಯಿತು, ಬಾವಿ ಹೂಳು ತೆಗೆದರು. ಎರಡೇ ವರ್ಷದಲ್ಲಿ ಮತ್ತೆ ಮನೆಗಳಿಗೆ ಬೀಗ ಬಿದ್ದವು.

ತಲೆ ಎಣಿಸುವ ಲೆಕ್ಕ

ಗ್ರಾಮ ಸಡಕ್ ಯೋಜನೆ ಶುರುವಾದದ್ದು 2000ದ ಡಿಸೆಂಬರಿನಲ್ಲಿ. ಬಯಲುಸೀಮೆಯಲ್ಲಿ 500 ಜನವಸತಿ ಇದ್ದರೆ ರಸ್ತೆ ಎಂಬುದು ಅದರ ಅಳತೆ. 2024ರಲ್ಲಿ ಒಪ್ಪಿಗೆಯಾದ ನಾಲ್ಕನೇ ಹಂತದಲ್ಲೂ ಬಯಲುಸೀಮೆಗೆ 500ರ ಲೆಕ್ಕವೇ, ಜನಗಣತಿ ಮಾತ್ರ 2011ರದ್ದು. ದೊಡ್ಡ ಊರುಗಳಿಗೆ ಇದರಿಂದ ಒಳ್ಳೆಯದಾಗಿದೆ. ಆದರೆ ತಾಂಡಾಗಳು, ಹೊಲದಲ್ಲೇ ಮನೆ ಮಾಡಿಕೊಂಡ ವಸ್ತಿಗಳು? 2023ರ ಜನವರಿ 19ರಂದು ಮಳಖೇಡದಲ್ಲಿ ಪ್ರಧಾನಿ ಕೈಯಿಂದ ತಾಂಡಾದವರಿಗೆ ಹಕ್ಕುಪತ್ರ ಹಂಚಿದರು. ಮನೆಗೆ ಕಾಗದ ಸಿಕ್ಕಿತು. ಮನೆಗೆ ಹೋಗುವ ದಾರಿಗೂ ಒಂದು ಕಾಗದ ಬೇಕಲ್ಲ?

ತಲೆ ಎಣಿಸುವ ಬದಲು ದೂರ ಅಳೆಯಬೇಕು ಎಂಬುದು ನನ್ನ ವಾದ. ಮುನ್ನೂರು ಜನ ಐದು ಮೈಲಿ ಒಳಗಿದ್ದರೆ ಅವರ ತೊಂದರೆ ರಸ್ತೆ ಬದಿಯ ಸಾವಿರ ಜನರಿಗಿಂತ ಹೆಚ್ಚು.

ಇದು ನಮ್ಮೊಬ್ಬರ ಪಾಡಲ್ಲ. ದೂರದ ಪಪುವಾ ನ್ಯೂಗಿನಿಯ ಬೆಟ್ಟಸೀಮೆಯ ಜನರ ವಿಷಯ ಓದಿರಿ. ಅಲ್ಲಿ ಜನ ಇದ್ದಾರೆಂಬುದೇ ಹೊರಗಿನವರಿಗೆ ಗೊತ್ತಾದದ್ದು 1930ರ ದಶಕದಲ್ಲಿ. ಅವರನ್ನೂ ಹಿಂದುಳಿದವರು ಅಂದರು. ಆದರೆ ಅಲ್ಲಿನ ಕುಕ್ ಎಂಬಲ್ಲಿ ಸುಮಾರು 7,000 ವರ್ಷಗಳ ಹಿಂದೆಯೇ ಜೌಗು ನೆಲದಲ್ಲಿ ದಿಬ್ಬ ಹಾಕಿ ಬೇಸಾಯ ಮಾಡಿದ ಗುರುತು ಸಿಕ್ಕಿತು, 2008ರಲ್ಲಿ ಅದು ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಇಂದಿಗೂ ಆ ಬೆಟ್ಟಸೀಮೆಗೂ ದೇಶದ ರಾಜಧಾನಿಗೂ ನಡುವೆ ರಸ್ತೆ ಇಲ್ಲ. ಗೆಣಸು ಬೆಳೆದು ಉಣ್ಣುತ್ತಾರೆ, ಕಾಫಿ ಬೆಳೆದು ಮಾರುತ್ತಾರೆ. ಒಳಗಿನ ಹಳ್ಳಿಯವರು ಕಾಫಿ ಚೀಲವನ್ನು ಬೆನ್ನ ಮೇಲೆ ಹೊತ್ತು ರಸ್ತೆಗೆ ಇಳಿಯಬೇಕು. ಬೇಸಾಯ ಅವರಿಗೂ ಬರುತ್ತದೆ, ನಮಗೂ ಬರುತ್ತದೆ. ಕೊರತೆ ಬೇರೆ ಕಡೆ ಇದೆ.

ದಾರಿ ನುಂಗಿದವರು ಯಾರು?

ಇಷ್ಟು ಹೇಳಿ ಸರಕಾರದ ಮೇಲೆ ಹಾಕಿ ಕೂತರೆ ಅರ್ಧ ಸತ್ಯವಾಗುತ್ತದೆ. ಊರ ನಕಾಶೆ ತೆಗೆದು ನೋಡಿರಿ. ಬಂಡಿದಾರಿ, ಕಾಲುದಾರಿ ಎರಡೂ ಚುಕ್ಕಿಗೆರೆಯಲ್ಲಿ ಸ್ಪಷ್ಟ ಇವೆ. ಹೊಲಕ್ಕೆ ಹೋಗಿ ನೋಡಿದರೆ ಇಲ್ಲ. ವರ್ಷಕ್ಕೊಂದು ಸಾಲು ಈ ಕಡೆಯವರು, ಒಂದು ಸಾಲು ಆ ಕಡೆಯವರು ಒತ್ತಿದರೆ ಇಪ್ಪತ್ತು ವರ್ಷದಲ್ಲಿ ಎರಡು ಬಂಡಿ ಎದುರಾಗುತ್ತಿದ್ದ ದಾರಿ ಎಮ್ಮೆ ಹೋಗುವಷ್ಟಾಗುತ್ತದೆ. ರಸ್ತೆ ಮಂಜೂರಾದರೂ 'ಮೊದಲು ಜಾಗ ಬಿಡಿಸಿಕೊಡ್ರಿ' ಎಂದು ಎಂಜಿನಿಯರು ವಾಪಸು ಹೋಗುತ್ತಾರೆ. ಒಂದು ಸಾಲಿನ ತೊಗರಿ ಎಷ್ಟು ಬಂದೀತು? ಅದರ ಸಲುವಾಗಿ ಇಡೀ ದಿಕ್ಕಿನ ಹೊಲಗಳ ಹೆಸರು, ಉದ್ದು ಕಳೆದುಕೊಂಡದ್ದರ ಲೆಕ್ಕ ಯಾರೂ ಹಾಕಿಲ್ಲ.

ಆಗಬೇಕಾದದ್ದು

ಒಂದು: ನಕಾಶೆಯ ಬಂಡಿದಾರಿಗಳನ್ನು ಬೇಸಿಗೆಯಲ್ಲಿ, ಹೊಲ ಖಾಲಿ ಇರುವಾಗ, ಅಳೆಸಿ ಕಲ್ಲು ನೆಡಬೇಕು. ತಹಶೀಲ್ದಾರರಿಗೆ ಅಧಿಕಾರ ಇದೆ. ಆದರೆ ಪೊಲೀಸರು ಬಂದು ಬಿಡಿಸುವುದಕ್ಕಿಂತ ಊರ ಹಿರಿಯರು ಕಟ್ಟೆಯ ಮೇಲೆ ಕೂತು ಬಿಡಿಸಿದರೆ ಬಾಳಿಕೆ ಬರುತ್ತದೆ.

ಎರಡು: ಊರೊಳಗೆ ಸಿಮೆಂಟು ರಸ್ತೆಯ ಮೇಲೆ ಸಿಮೆಂಟು ಹಾಕುವ ಹಣದಲ್ಲಿ ಒಂದು ಪಾಲು ಹೊಲದ ದಾರಿಗೆ ಇಡಲಿ. ಎರಿಯ ಮೇಲೆ ಬರೀ ಮುರುಮು ಹಾಕಿದರೆ ಎರಡನೇ ಮಳೆಗೆ ಮಣ್ಣು ಅದನ್ನು ನುಂಗುತ್ತದೆ. ನಡು ಎತ್ತರ, ಎರಡೂ ಬದಿ ಕಾಲುವೆ, ತಗ್ಗಿನಲ್ಲಿ ಪೈಪು. ನೀರು ನಿಲ್ಲದಿದ್ದರೆ ಮುರುಮೂ ನಿಲ್ಲುತ್ತದೆ. ಬಿಲ್ಲು ಪಾಸು ಮಾಡುವ ಮುಂಚೆ ಒಂದು ಮಳೆಗಾಲ ಕಾಯಲಿ.

ಮೂರು: ಮಾಲು ಕೂಡಿಸಿ ಒಯ್ಯಬೇಕು. ಕಳೆದ ಸುಗ್ಗಿಯಲ್ಲಿ ನಮ್ಮೂರ ಎಂಟು ಮನೆಯವರು ಒಂದೇ ಲಾರಿಗೆ ತೊಗರಿ ಹೇರಿದೆವು. ಬಾಡಿಗೆ ಹಂಚಿ ಹೋಯಿತು, ಅಡತಿಯಲ್ಲಿ ಮಾತಿಗೆ ತೂಕ ಬಂತು. ಮೈಸೂರಿನ ಸಿಎಫ್‌ಟಿಆರ್‌ಐ ರೂಪಿಸಿದ ಸಣ್ಣ ಬೇಳೆ ಗಿರಣಿಯಂಥದ್ದನ್ನು ಇಂಥ ಗುಂಪು ಊರಲ್ಲೇ ಹಾಕಿದರೆ ಕನಿಷ್ಠ ನಮ್ಮ ಉಣ್ಣುವ ಬೇಳೆ ಪೇಟೆಗೆ ಹೋಗಿ ಬರುವುದು ತಪ್ಪುತ್ತದೆ. ಹೊಟ್ಟು, ನುಚ್ಚು ದನಕ್ಕೆ ಉಳಿಯುತ್ತದೆ.

ನಾಲ್ಕು: ಬೆಳಿಗ್ಗೆ ಶಾಲೆಯ ಹೊತ್ತಿಗೆ, ಸಂಜೆ ಶಾಲೆ ಬಿಟ್ಟ ಹೊತ್ತಿಗೆ ಒಂದೊಂದು ಸಣ್ಣ ಬಸ್ಸು ಊರೊಳಗೆ ಬರಲಿ. ಲಾಭ-ನಷ್ಟದ ಲೆಕ್ಕ ಕೇಳುವವರು ಕ್ರಾಸಿನಲ್ಲಿ ಓದು ನಿಲ್ಲಿಸಿದ ಹುಡುಗಿಯರನ್ನೂ ನಷ್ಟದ ಕಡೆ ಬರೆಯಲಿ.

'ಇಂಥ ಊರು ಇಟ್ಟುಕೊಂಡು ಏನು ಮಾಡ್ತೀರಿ, ಪಟ್ಟಣ ಸೇರಿರಿ' ಎಂದು ಓದಿದವರು ಹೇಳುತ್ತಾರೆ. ಎಳ್ಳ ಅಮಾವಾಸ್ಯೆಗೆ ಪಟ್ಟಣದವರೂ ಸಜ್ಜಿ ರೊಟ್ಟಿ, ಭಜ್ಜಿ ಉಣ್ಣಲು ನಮ್ಮ ಹೊಲಕ್ಕೇ ಬರುತ್ತಾರೆ. ಡಿಸೆಂಬರು-ಜನವರಿ ಆದ್ದರಿಂದ ದಾರಿ ಒಣಗಿರುತ್ತದೆ, ನಮ್ಮ ತ್ರಾಸ ಅವರಿಗೆ ಕಾಣುವುದಿಲ್ಲ. ಅವರು ಉಣ್ಣುವ ಬೇಳೆ ಈ ಎರಿಯಲ್ಲೇ ಬೆಳೆಯಬೇಕಲ್ಲ? ಬೆಳೆಯುವವನು ಇಲ್ಲೇ ಇರಬೇಕಲ್ಲ?

ಓದುಗ ಮಿತ್ರರಲ್ಲಿ ಒಂದು ಕೋರಿಕೆ. ನಿಮ್ಮ ಹೊಲದಿಂದ ಪಕ್ಕಾ ರಸ್ತೆಗೆ ಎಷ್ಟು ದೂರ, ವರ್ಷದಲ್ಲಿ ಎಷ್ಟು ದಿನ ಗಾಡಿ ಬರುವುದಿಲ್ಲ, ಅದರಿಂದ ಯಾವ ಬೆಳೆ ಬಿಟ್ಟಿರಿ, ಈ ಮೂರು ಸಂಗತಿ ಒಂದು ಕಾರ್ಡಿನಲ್ಲಿ ಬರೆದು ಪತ್ರಿಕೆಗೆ ಕಳಿಸಿರಿ. ಮುಂದಿನ ಸಮಿತಿ ಯಾವುದಾದರೂ ಬಂದರೆ ಅದರ ಕೈಗೆ ಕೊಡಲು ನಮ್ಮ ಹತ್ತಿರ ನಮ್ಮದೇ ಲೆಕ್ಕ ಇರಲಿ.